ಬ್ಯಾಚ್‌ನಲ್ಲಿ ಓಡುವ ಪ್ರೊಸೀಜರ್ ಸ್ಟಾರ್ಟೆಡ್ ಟಾಸ್ಕ್ ಆದಾಗ ಎಸ್913 ಅಬೆಂಡ್

ಪ್ರಶ್ನೆ: ಐಬಿಎಂ ಮೇನ್‌ಫ್ರೇಮ್ (ಝಡ್/ಓಎಸ್). ಪ್ರೊಸೀಜರ್ (ಸಿದ್ಧ ಜಾಬ್ ಆದೇಶಗಳ ಕಟ್ಟು) ಅದರ ಲೈಬ್ರರಿಯಾದ ಪ್ರಾಕ್‌ಲಿಬ್‌ನಲ್ಲಿದೆ, ಸ್ಟಾರ್ಟ್ ಕಮಾಂಡ್‌ಗೆ ಟಾಸ್ಕ್ ಏಳುತ್ತದೆ (ಹೀಗೆ ಎದ್ದದ್ದೇ ಸ್ಟಾರ್ಟೆಡ್ ಟಾಸ್ಕ್). ಡೇಟಾಸೆಟ್ (ಫೈಲ್) ಓಪನ್ ಮಾಡುವಾಗ ಎಸ್913, ಅಂದರೆ ಅನುಮತಿ ಇಲ್ಲವೆಂದು ಕೆಲಸ ಅರ್ಧಕ್ಕೆ ನಿಲ್ಲುವ ಅಬೆಂಡ್. ಅದೇ ಸ್ಟೆಪ್ ಬ್ಯಾಚ್ ಜಾಬ್ ಆಗಿ ಸಲೀಸಾಗಿ ಓಡುತ್ತದೆ. ಯಾಕೆ?

ಉತ್ತರ 1: ಬ್ಯಾಚ್ ಜಾಬ್ ಓಡುವುದು ನಿಮ್ಮ ಐಡಿಯಲ್ಲಿ. ಸ್ಟಾರ್ಟೆಡ್ ಟಾಸ್ಕ್‌ಗೆ ಐಡಿ ಕೊಡುವುದು ಭದ್ರತಾ ತಂತ್ರಾಂಶವಾದ ರ‍್ಯಾಕ್‌ಎಫ್‌ನ ಸ್ಟಾರ್ಟೆಡ್ ಕ್ಲಾಸ್; ಆ ಐಡಿಗೆ ಡೇಟಾಸೆಟ್ ಅನುಮತಿ ಇಲ್ಲದಿದ್ದರೆ ಎಸ್913 ಬರುತ್ತದೆ. ಸಿಸ್ಟಮ್ ಲಾಗ್‌ನಲ್ಲಿ ಐಇಎಫ್695ಐ ಮೆಸೇಜ್ ನೋಡಿ, ಯಾವ ಯೂಸರ್ ಸಿಕ್ಕಿದೆ ಎಂದು ಅಲ್ಲೇ ಇರುತ್ತದೆ. ಯಾವ ಪ್ರೊಫೈಲ್‌ನಿಂದ (ಅನುಮತಿ ನಿಯಮದಿಂದ) ಅನುಮತಿ ತಪ್ಪಿತು ಎಂಬುದು ಐಸಿಎಚ್408ಐ ಮೆಸೇಜ್‌ನಲ್ಲಿ.

ಉತ್ತರ 2: ಪಾಸ್‌ವರ್ಡ್ ಇಲ್ಲದ ಪ್ರೊಟೆಕ್ಟೆಡ್ ಐಡಿ ಮಾಡಿ, ಡೇಟಾಸೆಟ್‌ಗೆ ಬೇಕಾದಷ್ಟೇ ಪರ್ಮಿಟ್ ಕೊಡಿ. ಆಮೇಲೆ:

ಆರ್‌ಡಿಫೈನ್ ಸ್ಟಾರ್ಟೆಡ್ ಟಾಸ್ಕ್‌ಹೆಸರು.* ಎಸ್‌ಟಿಡೇಟಾ(ಯೂಸರ್(ಐಡಿ) ಗ್ರೂಪ್(ಗುಂಪು))
ಸೆಟ್‌ಆರ್‌ಒಪಿಟಿಎಸ್ ರ‍್ಯಾಕ್‌ಲಿಸ್ಟ್(ಸ್ಟಾರ್ಟೆಡ್) ರಿಫ್ರೆಶ್

ರಿಫ್ರೆಶ್ ಮರೆತರೆ ಹಳೆಯದೇ ನಡೆಯುತ್ತದೆ. ಟಾಸ್ಕ್ ನಿಲ್ಲಿಸಿ ಮತ್ತೆ ಎಬ್ಬಿಸಿ. ಟ್ರಸ್ಟೆಡ್(ಯೆಸ್) ಹಾಕಿ ಸುಲಭದ ದಾರಿ ಹಿಡಿಯಬೇಡಿ, ಬಹುತೇಕ ಅನುಮತಿ ತಪಾಸಣೆಗಳೇ ತಪ್ಪಿಹೋಗುತ್ತವೆ.

ಉತ್ತರ 3: ಸದಾ ಓಡುವ ಟಾಸ್ಕ್ ಆದರೆ ಪ್ರೊಸೀಜರ್‌ನ ಎಕ್ಸೆಕ್ ಸಾಲಿನಲ್ಲಿ ಟೈಮ್=1440 (ಸಮಯ ಮಿತಿ ಇಲ್ಲ ಎಂದು) ಇರಲಿ; ಇಲ್ಲದಿದ್ದರೆ ಮುಂದೊಮ್ಮೆ ಎಸ್322 (ಸಮಯ ಮಿತಿ ಮೀರಿದ ಅಬೆಂಡ್) ಬರಬಹುದು.