ಮಾಸಿದ ಪಾರ್ಕಿಂಗ್ ಗೆರೆಗೆ ಕಾನೂನಿನ ಬಲ ಇದೆಯಾ? ಯಾರೋ ಬಳಿದ ಹಳದಿ ಪಟ್ಟೆಗೆ?

ಎಸ್.ಎಸ್. ಪುರಂ ಸವಾರ:
ತುಮಕೂರಿನ ಒಂದು ಅಡ್ಡರಸ್ತೆ, ಅಂಗಡಿಗಳ ಸಾಲು. ಎಡಬದಿಗೆ ಮೊದಲು ಬಿಳಿ ಪಾರ್ಕಿಂಗ್ ಬಾಕ್ಸ್‌ಗಳಿದ್ದವು. ಪೈಪಿಗೆ ಅಗೆದು ತೇಪೆ ಹಾಕಿದ ಮೇಲೆ ಅರ್ಧ ಮಾಯವಾದವು. ಉಳಿದವುಗಳ ಮೇಲೆ ಯಾರೋ ಕಪ್ಪು ಬಣ್ಣ ಬಳಿದು, ಕರ್ಬ್ ಕಲ್ಲಿಗೆ ಹನ್ನೆರಡು ಅಡಿಯಷ್ಟು ಹಳದಿ ಪೇಂಟ್ ಹೊಡೆದಿದ್ದಾರೆ. ಬೋರ್ಡ್ ಎಲ್ಲೂ ಇಲ್ಲ. ಈಗ ಅಲ್ಲಿ ಕಾರು ನಿಲ್ಲಿಸಿದರೆ ನೋ ಪಾರ್ಕಿಂಗ್ ಚಲನ್ ಬೀಳ್ತಿದೆ. ಬೋರ್ಡೇ ಇಲ್ಲದೆ ಈ ಹಳದಿ ಪಟ್ಟೆ ಒಂದೇ ಸಾಕಾ? ಮಾಸಿದ ಬಿಳಿ ಬಾಕ್ಸ್ ಇನ್ನೂ ಲೆಕ್ಕಕ್ಕೆ ಇದೆಯಾ? ಚಲನ್ ಪ್ರಶ್ನಿಸೋದಾದರೆ ಏನೇನು ಇಟ್ಟುಕೊಳ್ಳಬೇಕು?

ವಕೀಲ ತುಮಕೂರು:
ಸರ್, ಗೆರೆಯನ್ನು ನೋಡೋ ಮುಂಚೆ ಅದರ ಹಿಂದಿನ ಆದೇಶ ನೋಡಬೇಕು. ಮೋಟಾರು ವಾಹನ ಕಾಯ್ದೆ 1988ರ ಕಲಂ 2(45)ರ ಪ್ರಕಾರ ರಸ್ತೆ ಮೇಲಿನ ಗುರುತು ಕೂಡ ಸಂಚಾರ ಚಿಹ್ನೆಯೇ. ಆದರೆ ಚಿಹ್ನೆ ಹಾಕೋ ಅಧಿಕಾರ ಕಲಂ 116(1)ರಂತೆ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟವರಿಗೆ ಮಾತ್ರ. ಎಲ್ಲಿ ನಿಲ್ಲಿಸಬಹುದು ಅನ್ನೋದನ್ನು ಕಲಂ 117ರಲ್ಲಿ, ಸ್ಥಳೀಯ ಸಂಸ್ಥೆ ಜೊತೆ ಸಮಾಲೋಚಿಸಿ ಗೊತ್ತುಮಾಡ್ತಾರೆ. ನಮ್ಮ ಜಿಲ್ಲೆಗಳಲ್ಲಿ ಇದು ಜಿಲ್ಲಾಧಿಕಾರಿಗಳ ಅಧಿಸೂಚನೆಯಾಗಿ ಬರುತ್ತೆ: ಕಲಂ 115, 116, 117 ಮತ್ತು ಕರ್ನಾಟಕ ಮೋಟಾರು ವಾಹನ ನಿಯಮಗಳು 1989ರ ನಿಯಮ 221(ಎ) ಅಂತ ಅದರಲ್ಲೇ ಬರೆದಿರುತ್ತೆ.

ಹಾಗಾಗಿ ಖಾಸಗಿಯವರು ಬಳಿದ ಹಳದಿ ಪಟ್ಟೆಗೆ ಕಾನೂನಿನಲ್ಲಿ ಬೆಲೆ ಇಲ್ಲ. ಬಳಿಯೋದೇ ತಪ್ಪು. ಅಧಿಕೃತ ಚಿಹ್ನೆಯನ್ನು ಬೇಕಂತಲೇ ತೆಗೆಯೋದು, ಬದಲಿಸೋದು, ಕೆಡಿಸೋದನ್ನು ಕಲಂ 116(5) ನಿಷೇಧಿಸುತ್ತೆ. ಬಿಳಿ ಬಾಕ್ಸ್ ಮೇಲೆ ಕಪ್ಪು ಬಳಿದದ್ದೂ ಇದರೊಳಗೇ ಬರುತ್ತೆ.

ಬೋರ್ಡ್ ವಿಷಯ. ಕಲಂ 119 ಚಾಲಕನನ್ನು ಕಟ್ಟಿಹಾಕೋದು ‘ಕಡ್ಡಾಯ ಚಿಹ್ನೆ’ಗೆ. ಅಂದರೆ ಮೊದಲ ಅನುಸೂಚಿಯ ಎ ಭಾಗದ್ದು, ಅಥವಾ ಅದೇ ರೀತಿಯ, ಕೆಂಪು ಹಿನ್ನೆಲೆ ಇಲ್ಲವೇ ಕೆಂಪು ಅಂಚಿನ ದುಂಡನೆ ಫಲಕ. ತಗಡಿನ ಮೇಲೆ ‘ಇಲ್ಲಿ ಗಾಡಿ ನಿಲ್ಲಿಸಬೇಡಿ’ ಅಂತ ಬರೆದು ಗೇಟಿಗೆ ಕಟ್ಟಿದ್ದು ಆ ಜಾತಿಗೆ ಸೇರಲ್ಲ. ಬೋರ್ಡೂ ಇಲ್ಲ, ಅಧಿಸೂಚನೆಯೂ ಇಲ್ಲ ಅಂದರೆ ಬರೀ ಹಳದಿ ಪೇಂಟ್ ಆಧಾರದ ಚಲನ್ ದುರ್ಬಲ. ಟೋ ಮಾಡೋಕೂ ಹಾಗೇ. ಹತ್ತು ತಾಸು ಅಥವಾ ಅದಕ್ಕೂ ಹೆಚ್ಚು ಹೊತ್ತು ಬಿಟ್ಟುಹೋದ, ಇಲ್ಲವೇ ಬಿಟ್ಟುಹೋಗಿ ಸಂಚಾರಕ್ಕೆ ಅಡ್ಡಿಯಾದ ಗಾಡಿ ಅಲ್ಲದಿದ್ದರೆ, ಕಲಂ 127 ಕೇಳೋದು ಕಾನೂನಿನಂತೆ ನಿಷೇಧಿಸಿದ ಜಾಗ ಮತ್ತು ಸಮವಸ್ತ್ರದಲ್ಲಿರೋ ಪೊಲೀಸ್ ಅಧಿಕಾರಿಯ ಅನುಮತಿ.

ಹಳೇ ಟ್ರಾಫಿಕ್:
ವಕೀಲರು ಹೇಳಿದ್ದು ಸರಿ, ಆದರೆ ಅರ್ಧ ಓದಿ ‘ಬೋರ್ಡ್ ಇಲ್ಲ, ಆದ್ದರಿಂದ ಎಲ್ಲಿ ಬೇಕಾದರೂ ನಿಲ್ಲಿಸಬಹುದು’ ಅಂದುಕೊಳ್ಳಬೇಡಿ. ಪೇಂಟ್, ಬೋರ್ಡ್ ಎರಡೂ ಬೇಡದ ನಿಷೇಧಗಳಿವೆ. ಕೂಡುರಸ್ತೆ, ತಿರುವು, ಫುಟ್‌ಪಾತ್, ಜೀಬ್ರಾ ಪಟ್ಟೆ ಹತ್ತಿರ, ಬಸ್ ನಿಲ್ದಾಣ, ಶಾಲೆ ಆಸ್ಪತ್ರೆ ಬಾಗಿಲು, ಇನ್ನೊಬ್ಬರ ಗೇಟ್ ಮುಂದೆ, ನಿಂತ ಗಾಡಿಯ ಪಕ್ಕಕ್ಕೆ ಡಬಲ್ ಪಾರ್ಕಿಂಗ್. ಇವು ಚಾಲನಾ ನಿಯಮಗಳಲ್ಲೇ ಇವೆ, ಉಲ್ಲಂಘಿಸಿದರೆ ಕಲಂ 177ಎ ಅಡಿ 500ರಿಂದ 1,000 ರೂಪಾಯಿ. ಇದರ ಮೇಲೆ ಕಲಂ 122 ಇದೆ: ಬೇರೆಯವರಿಗೆ ಅಪಾಯ, ಅಡಚಣೆ ಆಗೋ ಹಾಗೆ ಗಾಡಿ ಬಿಡಬಾರದು. ಆದ್ದರಿಂದ ಮೊದಲು ಚಲನ್‌ನಲ್ಲಿ ಯಾವ ಕಲಂ ಹಾಕಿದ್ದಾರೆ ನೋಡಿ. 122 ಅಂತ ಇದ್ದರೆ ಹಳದಿ ಪಟ್ಟೆಯ ವಾದ ತೆಗೆದು ಪ್ರಯೋಜನವಿಲ್ಲ, ಅಡಚಣೆ ಆಗಿರಲಿಲ್ಲ ಅಂತಲೇ ತೋರಿಸಬೇಕು.

ಬಿಳಿ ಬಾಕ್ಸ್ ಮಾಸಿದೆ ಅಂದ ಮಾತ್ರಕ್ಕೆ ಅನುಮತಿ ರದ್ದಾಗಲ್ಲ. ಅಧಿಸೂಚನೆ ರದ್ದಾಗೋವರೆಗೂ ಅದು ಪಾರ್ಕಿಂಗ್ ಜಾಗವೇ. ತಿರುಗಿಸಿದರೂ ಅಷ್ಟೇ: ನಿಷೇಧದ ಗೆರೆ ಸವೆದುಹೋಗಿದೆ ಅಂತ ನಿಷೇಧ ಹೋಗಲ್ಲ, ಸ್ವಲ್ಪ ಮುಂದೆ ದುಂಡನೆ ಬೋರ್ಡ್ ನಿಂತಿದ್ದರೆ ಸಿಕ್ಕಿಬೀಳ್ತೀರಿ. ರಸ್ತೆಯ ಎರಡೂ ತುದಿಯಿಂದ ನಡೆದು ನೋಡಿ. ಮರದ ಕೊಂಬೆ, ಫ್ಲೆಕ್ಸ್ ಹಿಂದೆ ಬೋರ್ಡ್ ಅಡಗಿರುತ್ತೆ. ಹಾಗೆ ಮುಚ್ಚಿದ ಫಲಕ, ಜಾಹೀರಾತನ್ನು ತೆಗೆಸೋ ಅಧಿಕಾರವನ್ನು ಎಸ್.ಪಿ. ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಗೆ ಕೊಡಲು ಕಲಂ 116(4) ಇದೆ.

ಥರ್ಮೋಪ್ಲಾಸ್ಟಿಕ್:
ರೋಡ್ ಮಾರ್ಕಿಂಗ್ ಕೆಲಸದ ಕಡೆಯಿಂದ ಹೇಳ್ತೀನಿ, ಗುರುತು ಅಧಿಕೃತವೋ ಅಲ್ಲವೋ ಅನ್ನೋಕೆ ಒಂದು ಸುಳಿವು ಬೆರಳಲ್ಲೇ ಸಿಗುತ್ತೆ. ಇಲಾಖೆ ಟೆಂಡರ್‌ನಲ್ಲಿ ಹಾಕಿಸೋ ಥರ್ಮೋಪ್ಲಾಸ್ಟಿಕ್ (ಕಾಯಿಸಿ ಕರಗಿಸಿ ಹಾಕೋ ಬಣ್ಣ) ಗೆರೆ 2.5 ಮಿ.ಮೀ. ದಪ್ಪ, ಅಂಚಿಗೆ ಉಗುರು ತಾಗಿದರೆ ಮೆಟ್ಟಿಲ ಹಾಗೆ ಸಿಗುತ್ತೆ. ಬಿಸಿ ಇರುವಾಗಲೇ ಮೇಲಿಂದ ಚದರ ಮೀಟರಿಗೆ 250 ಗ್ರಾಂ ಗಾಜಿನ ಮಣಿ ಉದುರಿಸಿರ್ತಾರೆ. ಕತ್ತಲಾದ ಮೇಲೆ ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ದೂರದಿಂದ ಬಿಡಿ, ಹಗಲಲ್ಲಿ ಮಾಸಿ ಕಾಣೋ ಗೆರೆಯೂ ಅಲ್ಲಲ್ಲಿ ಮಿನುಗುತ್ತೆ. ಅಂಗಡಿಯಿಂದ ತಂದ ಎನಾಮೆಲ್ ಪೇಂಟ್ ಮಿನುಗಲ್ಲ. ಬ್ರಷ್ ಗೀರು, ಕೆಳಗೆ ಸುರಿದ ಹನಿ ಕಾಣುತ್ತೆ. ಆದರೆ ಕರ್ಬ್ ಕಲ್ಲಿಗೆ ಇಲಾಖೆಯವರೂ ಸಾದಾ ಪೇಂಟ್ ಹೊಡೆಸ್ತಾರೆ, ಹಾಗಾಗಿ ಕಲ್ಲಿನ ವಿಷಯದಲ್ಲಿ ಈ ಪರೀಕ್ಷೆಯನ್ನೇ ನಂಬಬೇಡಿ.

ಕಪ್ಪು ಬಳಿದರೆ ಗೆರೆ ಹೋಗಲ್ಲ. ಟೈರ್ ಉಜ್ಜಿ ಕಪ್ಪು ಬೇಗ ಕಿತ್ತುಬರುತ್ತೆ, ಮಳೆಯಲ್ಲಿ ಆ ಕಪ್ಪೇ ಗೆರೆ ತರ ಹೊಳೆದು ದಾರಿ ತಪ್ಪಿಸುತ್ತೆ. ಸರಿಯಾಗಿ ತೆಗೀಬೇಕಾದರೆ ಗ್ರೈಂಡರ್‌ನಲ್ಲಿ ಉಜ್ಜಬೇಕು. ತೇಪೆ ಹಾಕಿದ ಕಡೆ ಗೆರೆ ಮತ್ತೆ ಎಳೆಯೋದೂ ಅದೇ ಕಾಮಗಾರಿಯಲ್ಲಿ ಸೇರಿರಬೇಕು. ಅದನ್ನು ಬಿಟ್ಟುಬಿಡೋದರಿಂದಲೇ ಈ ಎಲ್ಲಾ ಗೊಂದಲ.

ಫೋಟೋ ತೆಗೆಯುವಾಗ ನಿಂತ ಎತ್ತರದಿಂದ ಬೇಡ. ಚಾಲಕನ ಕಣ್ಣಿನ ಎತ್ತರ, ಅಂದರೆ ಸುಮಾರು 1.2 ಮೀಟರ್‌ನಿಂದ, 30 ಮೀಟರ್ ಹಿಂದೆ ನಿಂತು ಒಂದು. ಗೆರೆ ಹತ್ತಿರ ಅಳತೆ ಟೇಪ್ ಇಟ್ಟು ಇನ್ನೊಂದು. ಅಂಗಡಿ ಹೆಸರು ಇಲ್ಲವೇ ಕಂಬದ ನಂಬರ್ ಕಾಣೋ ಹಾಗೆ ಮತ್ತೊಂದು.

ಎಸ್.ಎಸ್. ಪುರಂ ಸವಾರ:
ಧನ್ಯವಾದ. ಚಲನ್‌ನಲ್ಲಿ 177 ಮಾತ್ರ ಇದೆ. ಅಧಿಸೂಚನೆ ಇದೆಯೋ ಇಲ್ಲವೋ ಹೇಗೆ ಗೊತ್ತಾಗೋದು?

ವಕೀಲ ತುಮಕೂರು:
177 ಸಾಮಾನ್ಯ ದಂಡದ ಕಲಂ, ಮೊದಲ ಸಲಕ್ಕೆ 500 ರೂಪಾಯಿವರೆಗೆ. ಯಾವ ನಿಯಮ ಮುರಿದಿದ್ದು ಅಂತ ಅದರಿಂದ ತಿಳಿಯಲ್ಲ, ಅದನ್ನು ಮೊದಲು ಕೇಳಿ. ದುಡ್ಡು ಮಾತ್ರ ಕಟ್ಟಬೇಡಿ. ಕಟ್ಟಿದರೆ ಕಲಂ 200ರಂತೆ ರಾಜಿಯಾಗಿ ಪ್ರಕರಣ ಅಲ್ಲಿಗೇ ಮುಗಿಯುತ್ತೆ, ಆಮೇಲೆ ವಾದಕ್ಕೆ ಜಾಗ ಇರಲ್ಲ. ಮೊಬೈಲ್ ಫೋಟೋ ಕೋರ್ಟಿಗೆ ಕೊಡೋದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63(4)ರ ಪ್ರಮಾಣಪತ್ರ, ಅಂದರೆ ಫೋಟೋ ಯಾವ ಸಾಧನದಲ್ಲಿ, ಹೇಗೆ ತೆಗೆದದ್ದು ಅಂತ ಸಹಿ ಮಾಡಿದ ಹೇಳಿಕೆ ಬೇಕು. ಮೂಲ ಫೈಲ್ ಫೋನಿನಲ್ಲೇ ಉಳಿಸಿ. ವಾಟ್ಸಾಪ್‌ನಲ್ಲಿ ಕಳಿಸಿ ಬಂದ ಪ್ರತಿಯಲ್ಲಿ ಸಮಯ, ಸ್ಥಳದ ಮಾಹಿತಿ ಹೋಗಿರುತ್ತೆ.

ಅಧಿಸೂಚನೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಜಿಲ್ಲಾಧಿಕಾರಿ ಕಚೇರಿಗೊಂದು, ಪಾಲಿಕೆಗೊಂದು, ಬೇರೆ ಬೇರೆ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಉದ್ದ ಬರೆದರೆ ವಾಪಸ್ ಬರಬಹುದು. 30 ದಿನದಲ್ಲಿ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯ ಕಲಂ 19(1)ರ ಮೇಲ್ಮನವಿ.

ಜಿಲ್ಲಾಧಿಕಾರಿ ಕಚೇರಿಗೆ ಇಷ್ಟೇ ಬರೆಯಿರಿ: ‘ಈ ರಸ್ತೆಯ, ಈ ತಿರುವಿನಿಂದ ಈ ತಿರುವಿನವರೆಗಿನ ಎಡಬದಿಯಲ್ಲಿ ವಾಹನ ನಿಲುಗಡೆ ನಿಷೇಧಿಸಿ ಅಥವಾ ಅನುಮತಿಸಿ ಹೊರಡಿಸಿದ, ಈಗ ಜಾರಿಯಲ್ಲಿರುವ ಅಧಿಸೂಚನೆಯ ದೃಢೀಕೃತ ಪ್ರತಿ ನೀಡಿ.’ ಪಾಲಿಕೆಗೆ ಹಾಕೋ ಅರ್ಜಿಯಲ್ಲಿ ಅದೇ ಬದಿಗೆ ಗುರುತು ಬಳಿಸಿದ ಕಾಮಗಾರಿ ಆದೇಶದ ಪ್ರತಿ ಕೇಳಿ. ‘ಯಾಕೆ’, ‘ಹೇಗೆ’ ಅಂತ ಕೇಳಬೇಡಿ, ದಾಖಲೆ ಮಾತ್ರ ಕೇಳಿ. ಅಂಥ ದಾಖಲೆ ಇಲ್ಲ ಅಂತ ಸಹಿ ಹಾಕಿ ಉತ್ತರ ಬಂದರೆ, ನಿಮ್ಮ ಕಡತದಲ್ಲಿ ಮೊದಲ ಹಾಳೆ ಅದೇ ಇರಲಿ, ಫೋಟೋಗಳು ಅದರ ಕೆಳಗೆ.