ಫಿಲ್ಟರ್ ಹಾಕಿಸಿದರೆ ನೀರು ಸೇಫಾ?

ಪ್ರಶ್ನೆ: ಸರ್, ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ, ಬೋರ್‌ವೆಲ್ ನೀರು. ಫಿಲ್ಟರ್ ಮಾರುವವರೊಬ್ಬರು ಬಂದು ನಮ್ಮ ನೀರಿಗೆ ಎರಡು ಕಡ್ಡಿ ಇಳಿಬಿಟ್ಟು ಕರೆಂಟ್ ಕೊಟ್ಟರು. ನೋಡ್ತಾ ನೋಡ್ತಾ ಕಂದು ಬಗ್ಗಡ! ಅವರ ಮಷಿನ್ ನೀರು ಮಾತ್ರ ತಿಳಿಯಾಗೇ ಇತ್ತು. ಅಮ್ಮ ಹೆದರಿಬಿಟ್ಟಿದ್ದಾರೆ. ಕುದಿಸಿ ಕುಡಿದರೆ ಸಾಲದಾ?

ಉತ್ತರ: ನಾನು ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ ಮೇಡಂ. ಆ ಬಗ್ಗಡ ನಿಮ್ಮ ನೀರಿನದಲ್ಲ, ಕಡ್ಡಿಯದು. ಕರೆಂಟಿಗೆ ಕಬ್ಬಿಣ ಕರಗಿ ತುಕ್ಕಾಗುತ್ತೆ. ಅವರ ಮಷಿನ್ ಆರ್‌ಒ, ಅಂದರೆ ನೀರನ್ನು ಮೆಂಬ್ರೇನ್ ಅನ್ನೋ ತೆಳು ಪೊರೆಯಲ್ಲಿ ಒತ್ತಿ ಸೋಸುವ ಫಿಲ್ಟರ್ ಇರಬೇಕು. ಆ ನೀರಿನಲ್ಲಿ ಲವಣ ಕಮ್ಮಿ, ಕರೆಂಟ್ ಸರಿಯಾಗಿ ಹರಿಯಲ್ಲ, ಅದಕ್ಕೇ ತಿಳಿ. ಮುಂದಿನ ಸಲ ಬಂದರೆ ಅವರ ಲೋಟಕ್ಕೂ ಚಿಟಿಕೆ ಉಪ್ಪು ಹಾಕಿ, ಅದೂ ಕಂದಾಗುತ್ತೆ. ಅಮ್ಮನಿಗೆ ತೋರಿಸಿ!

ಆದರೆ ನಿಮ್ಮ ಕಡೆ ಬೇರೆ ಚಿಂತೆ ಇದೆ, ಫ್ಲೋರೈಡ್. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಆಳದ ಬೋರ್‌ಗಳಲ್ಲಿ ಇದು ಹಳೇ ಕಾಟ. ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟಬಹುದು, ಇನ್ನೂ ಜಾಸ್ತಿಯಿದ್ದರೆ ಮೂಳೆಗೂ ತೊಂದರೆ. ಕುದಿಸಿದರೆ ರೋಗಾಣು ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತೆ ಅಷ್ಟೇ. ಅತಿನೇರಳೆ ಬೆಳಕಿನಿಂದ ರೋಗಾಣು ಕೊಲ್ಲುವ ಯುವಿ ಫಿಲ್ಟರ್ ಕಥೆಯೂ ಅದೇ. ಫ್ಲೋರೈಡ್ ತೆಗೆಯೋದು ಆರ್‌ಒ.

ಹಾಗಂತ ಈಗಲೇ ಕೊಳ್ಳಬೇಡಿ. ಮೊದಲು ಒಂದು ಲೀಟರ್ ನೀರನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟು ಫ್ಲೋರೈಡ್, ನೈಟ್ರೇಟ್ ನೋಡಿಸಿ. ರೋಗಾಣು ಪರೀಕ್ಷೆಗೆ ಅವರೇ ಕೊಡುವ ಬಾಟಲಿ ಬೇಕು.

ಪ್ರಶ್ನೆ: ನಮ್ಮನೇಲಿ ಆರ್‌ಒ ಇದೆ. ಟಿಡಿಎಸ್ ಮೀಟರ್ 90 ತೋರಿಸುತ್ತೆ. ಸೇಫ್ ಅಲ್ವಾ?

ಉತ್ತರ: ಆ ಮೀಟರ್ ನೀರಿನಲ್ಲಿ ಕರಗಿದ ಒಟ್ಟು ಲವಣದ (ಅದೇ ಟಿಡಿಎಸ್) ಅಂದಾಜು ಹೇಳುತ್ತೆ ಅಷ್ಟೇ, ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ. ಅದಕ್ಕೆ ರೋಗಾಣು ಕಾಣಲ್ಲ. ಆ 90ರಲ್ಲಿ 2 ಮಿಲಿಗ್ರಾಂ ಫ್ಲೋರೈಡ್ ಇದ್ದರೂ ಬೇರೆಯಾಗಿ ತೋರಿಸಲ್ಲ. ಇನ್ನೊಂದು, ನೀರು ಸಪ್ಪೆ ಅಂದ ತಕ್ಷಣ ಸರ್ವಿಸ್‌ನವರು ಒಳಗಿನ ಸ್ಕ್ರೂ ತಿರುಗಿಸುತ್ತಾರಲ್ಲ, ಅದು ಮೆಂಬ್ರೇನ್ ದಾಟದ ನೀರನ್ನು ಬೆರೆಸುವ ದಾರಿ. ಬೋರ್‌ನಲ್ಲಿ ಫ್ಲೋರೈಡ್ ಇದ್ದರೆ ದುಡ್ಡು ಕೊಟ್ಟು ತೆಗೆಸಿದ್ದನ್ನು ಮತ್ತೆ ಲೋಟಕ್ಕೆ ಬಿಟ್ಟ ಹಾಗೆ. ಮಷಿನ್‌ನಿಂದ ಬಂದ ನೀರನ್ನೂ ಒಮ್ಮೆ ಟೆಸ್ಟ್ ಮಾಡಿಸಿ.

ಪ್ರಶ್ನೆ: ಬೆಂಗಳೂರು, ಕಾವೇರಿ ನೀರು. ಆರ್‌ಒ ಬೇಕಾ?

ಉತ್ತರ: ಬೇಡ. ಕಾವೇರಿ ನೀರಿನ ಟಿಡಿಎಸ್ 500ರ ಮಿತಿಗಿಂತ ಎಷ್ಟೋ ಕೆಳಗಿರುತ್ತೆ. ಸುಮ್ನೆ ಒಂದು ಲೀಟರಿಗೆ ಎರಡು ಮೂರು ಲೀಟರ್ ಚರಂಡಿಗೆ ಹೋಗುತ್ತೆ. ಯುವಿ ಸಾಕು, ಕುದಿಸಿದರೂ ಸರಿ. ನಿಮ್ಮ ಸಂಪ್ ಕೊನೇ ಸಲ ತೊಳೆಸಿದ್ದು ಯಾವಾಗ? ಬೇಸಿಗೆಯಲ್ಲಿ ಅದಕ್ಕೆ ಟ್ಯಾಂಕರ್ ನೀರನ್ನೂ ಬಿಡಿಸಿಕೊಳ್ಳುತ್ತೀರಾ? ಹಾಗಿದ್ದರೆ ಹೇಳಿ, ಉತ್ತರ ಬದಲಾಗುತ್ತೆ.