ಟಿವಿ ಪಕ್ಕದ ಕಂಪ್ಯೂಟರ್ ಸದ್ದಿಲ್ಲದೆ, ಬಿಸಿಯಾಗದೆ ಓಡಬೇಕೆಂದರೆ: ಪ್ರಶ್ನೋತ್ತರ

ಪ್ರಶ್ನೆ: ಸರ್, ಹಳೇ ಡೆಸ್ಕ್‌ಟಾಪನ್ನೇ ಟಿವಿಗೆ ಸೇರಿಸಿ ಸಿನಿಮಾ ನೋಡ್ತಾ ಇದ್ದೀವಿ. ಇಂಟೆಲ್ 4ನೇ ತಲೆಮಾರಿನ ಐ5, 84 ವ್ಯಾಟಿನದು. ಪ್ರೊಸೆಸರ್ ಜೊತೆ ಬಂದ ಫ್ಯಾನೇ ಇನ್ನೂ ಇದೆ. ಟಿವಿ ಯೂನಿಟ್ಟಿನ ಬಾಗಿಲಿರೋ ಗೂಡಲ್ಲಿ ಕೂತಿದೆ. ಹೊಡೆದಾಟದ ದೃಶ್ಯದಲ್ಲಿ ಏನೂ ಗೊತ್ತಾಗಲ್ಲ. ಇಬ್ಬರು ಪಿಸುಮಾತಾಡೋ ಕಡೆ ಬಂದರೆ ಸಾಕು, ಫ್ಯಾನಿನ ಗೊರ್ ಸದ್ದೇ ಕಿವಿಗೆ ಬಡಿಯುತ್ತೆ. 4ಕೆ ಫೈಲ್ ಹಾಕಿದರಂತೂ ಸದ್ದು ಇನ್ನೂ ಜೋರು, ಚಿತ್ರವೂ ತಡೆತಡೆದು ಓಡುತ್ತೆ. ದೊಡ್ಡ ಕೂಲರ್ ಹಾಕಿಸಲಾ, ಲಿಕ್ವಿಡ್ ಕೂಲಿಂಗ್ ಹಾಕಿಸಲಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಲಿಕ್ವಿಡ್ ಕೂಲರಿನಲ್ಲಿ ಪಂಪ್ ಒಂದು ಸದಾ ಓಡ್ತಾನೇ ಇರುತ್ತೆ, ಅಂದರೆ ಇರೋ ಸದ್ದಿಗೆ ಇನ್ನೊಂದು ಸೇರಿಸಿದ ಹಾಗೆ. ಮೊದಲು ಕೇಳಬೇಕಾದ್ದು ಬಿಸಿ ಹೇಗೆ ಹೊರಹಾಕೋದು ಅಂತಲ್ಲ, ಇಷ್ಟು ಬಿಸಿ ಹುಟ್ಟೋದಾದರೂ ಯಾಕೆ ಅಂತ. ಹದಿನೈದು ವರ್ಷದಿಂದ ಕಂಪ್ಯೂಟರ್ ಜೋಡಿಸೋದು, ರಿಪೇರಿ ಮಾಡೋದೇ ನನ್ನ ಕೆಲಸ. ಸದ್ದಿನ ದೂರಿನ ಮೂಲ ಮುಕ್ಕಾಲುಪಾಲು ಇಲ್ಲೇ ಸಿಗುತ್ತೆ.

ಈಗ ಒಂದು ಪರೀಕ್ಷೆ ಮಾಡಿ. ಆ 4ಕೆ ಫೈಲ್ ಓಡ್ತಿರುವಾಗ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆಗೆದು ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್ಪಿನ ಪುಟ ನೋಡಿ. ಅಲ್ಲಿ ವಿಡಿಯೊ ಡಿಕೋಡ್ ಅಂತ ಒಂದು ಗ್ರಾಫ್ ಇರುತ್ತೆ. ಅದು ನೆಲಕ್ಕೆ ಅಂಟಿಕೊಂಡಿದ್ದು, ಪ್ರೊಸೆಸರ್ ಮಾತ್ರ 90 ಪರ್ಸೆಂಟ್ ದಾಟಿದ್ದರೆ ಪ್ರತಿ ಫ್ರೇಮನ್ನೂ ಪ್ರೊಸೆಸರ್ ತಾನೇ ಲೆಕ್ಕಹಾಕಿ ಬಿಡಿಸ್ತಿದೆ ಅಂತ ಅರ್ಥ. ನಿಮ್ಮಲ್ಲಿ ಹಾಗೇ ಕಾಣುತ್ತೆ. 4ಕೆ ಸಿನಿಮಾ ಫೈಲುಗಳು ಬಹುಪಾಲು, ವಿಡಿಯೊವನ್ನ ಕುಗ್ಗಿಸಿ ಕಟ್ಟಿಡೋ ವಿಧಾನಗಳಲ್ಲಿ ಒಂದಾದ, 10 ಬಿಟ್ಟಿನ ಎಚ್‌ಇವಿಸಿ. ಅದನ್ನ ಬಿಡಿಸೋಕೆಂದೇ ಮೀಸಲಾದ ಸರ್ಕ್ಯೂಟ್ ಇಂಟೆಲ್‌ನಲ್ಲಿ ಪೂರ್ತಿಯಾಗಿ ಬಂದದ್ದು 7ನೇ ತಲೆಮಾರಿನಿಂದ. ಯೂಟ್ಯೂಬ್ ಬಳಸೋ ಇನ್ನೊಂದು ವಿಧಾನ ಎವಿ1ಗೆ 11ನೇ ತಲೆಮಾರು ಬೇಕು. ಆ ಸರ್ಕ್ಯೂಟ್ ಇದ್ದರೆ ಅದೇ ಸಿನಿಮಾ ಓಡುವಾಗ ಪ್ರೊಸೆಸರ್ ಹತ್ತು ಪರ್ಸೆಂಟಿನ ಆಚೀಚೆ ಆರಾಮಾಗಿ ಕೂತಿರುತ್ತೆ. ಬಿಸಿ ಇಲ್ಲ, ಹಾಗಾಗಿ ಫ್ಯಾನಿಗೂ ಕೆಲಸ ಇಲ್ಲ.

ಆದ್ದರಿಂದ ಕೂಲರ್ ಬದಲು ಬೋರ್ಡ್ ಬದಲಿಸಿ. ಬರೀ ಸಿನಿಮಾ, ಹಾಡು, ಯೂಟ್ಯೂಬ್ ಅಷ್ಟೇ ಆದರೆ ಬೋರ್ಡಿಗೆ ಸೇರಿಯೇ ಬರೋ ಇಂಟೆಲ್ ಎನ್100 ಪ್ರೊಸೆಸರ್ ಸಾಕು. ಅದರ ರೇಟಿಂಗ್ 6 ವ್ಯಾಟ್ ಮಾತ್ರ, ಆದರೂ ಎಚ್‌ಇವಿಸಿ, ವಿಪಿ9, ಎವಿ1 ಮೂರನ್ನೂ ಹಾರ್ಡ್‌ವೇರಿನಲ್ಲೇ ಬಿಡಿಸುತ್ತೆ. ಬೋರ್ಡ್ ಕೊಳ್ಳುವಾಗ ಎಚ್‌ಡಿಎಂಐ 2.0 ಅಥವಾ ಮೇಲಿನದಿದೆಯಾ ಅಂತ ಮಾತ್ರ ಖಚಿತ ಮಾಡಿಕೊಳ್ಳಿ. 1.4 ಆದರೆ 4ಕೆ ಚಿತ್ರ ಸೆಕೆಂಡಿಗೆ 30 ಫ್ರೇಮಿಗೇ ನಿಂತುಬಿಡುತ್ತೆ. ಮಕ್ಕಳಿಗೆ ಆಗಾಗ ಗೇಮೂ ಬೇಕು ಅನ್ನೋದಾದರೆ ಎಎಂಡಿ ರೈಜೆನ್ 5 8600ಜಿ ತಗೊಳ್ಳಿ, ಅದರ ಒಳಗಿರೋ ಗ್ರಾಫಿಕ್ಸೇ ಚೆನ್ನಾಗಿದೆ. 65 ವ್ಯಾಟಿನ ಆ ಪ್ರೊಸೆಸರನ್ನ ಬಯೋಸಿನ (ಕಂಪ್ಯೂಟರ್ ಆನ್ ಆಗುವಾಗ ತೆಗೆಯೋ ಬೋರ್ಡಿನ ಸೆಟ್ಟಿಂಗ್ ಪುಟ) ಇಕೊ ಮೋಡಿನಲ್ಲಿ 45ಕ್ಕೆ ಇಳಿಸಿಬಿಡಿ. ಸಿನಿಮಾ ನೋಡೋಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕೋದಂತೂ ಮೂಗಿಗಿಂತ ಮೂಗುತಿ ಭಾರ ಆದ ಹಾಗೆ.

ಪ್ರಶ್ನೆ: ಹಾಗಾದರೆ ಫ್ಯಾನೇ ಇಲ್ಲದ ಹಾಗೆ ಮಾಡಿಬಿಟ್ಟರೆ? ಕ್ಯಾಬಿನೆಟ್ಟೇ ಹೀಟ್‌ಸಿಂಕ್ ಆಗಿರೋ ಡಬ್ಬಗಳನ್ನ ನೋಡಿದ್ದೀನಿ, ಮೇಲೆಲ್ಲ ಅಲ್ಯೂಮಿನಿಯಂ ರೆಕ್ಕೆಗಳಿರುತ್ತವಲ್ಲ, ಅವು.

ಉತ್ತರ: ಎನ್100ರಂಥ ತಣ್ಣನೆಯ ಪ್ರೊಸೆಸರಿಗೆ ಧಾರಾಳವಾಗಿ ಆಗುತ್ತೆ, ಆದರೆ ಡಬ್ಬ ತೆರೆದ ಜಾಗದಲ್ಲಿ ಇರಬೇಕು. ಫ್ಯಾನಿಲ್ಲದ ಹೀಟ್‌ಸಿಂಕ್ ಕೆಲಸ ಮಾಡೋದು ಬಿಸಿಗಾಳಿ ತಾನಾಗಿ ಮೇಲಕ್ಕೇರೋದರಿಂದ. ರೆಕ್ಕೆಗಳ ನಡುವಿನ ಸಂದು ಕೆಳಗಿಂದ ಮೇಲಕ್ಕೆ ಇದ್ದರೆ ಗಾಳಿ ಹರಿಯುತ್ತೆ. ಸಂದನ್ನ ಅಡ್ಡ ಮಲಗಿಸಿದಿರೋ, ಮೇಲೆ ಸೆಟ್‌ಟಾಪ್ ಬಾಕ್ಸ್ ಪೇರಿಸಿದಿರೋ, ಅಲ್ಲಿಗೆ ಮುಗೀತು. ಬಾಗಿಲು ಮುಚ್ಚಿದ ಗೂಡಲ್ಲಿಟ್ಟರೆ ಒಂದೇ ಗಾಳಿ ಸುತ್ತಿ ಸುತ್ತಿ ಬಿಸಿಯಾಗ್ತಾ ಹೋಗುತ್ತೆ. ಮೊದಲ ಅರ್ಧ ಗಂಟೆ ಎಲ್ಲ ಸರಿ ಅನ್ನಿಸಿ, ಸಿನಿಮಾದ ಎರಡನೇ ಭಾಗದಲ್ಲಿ ತೊಂದರೆ ಶುರುವಾಗುತ್ತೆ.

ದೊಡ್ಡ ಪ್ರೊಸೆಸರಿಗೂ ಫ್ಯಾನಿಲ್ಲದ ಕೂಲರ್ ಉಂಟು. ನಾಕ್ಟುವಾದವರ ಎನ್‌ಎಚ್-ಪಿ1 ಅಂಥದ್ದೇ. 158 ಮಿಲಿಮೀಟರ್ ಎತ್ತರ, ಒಂದು ಕಿಲೋಗಿಂತ ಹೆಚ್ಚು ತೂಕ. ಟಿವಿ ಕೆಳಗೆ ಇಡೋ ತೆಳ್ಳನೆ ಡಬ್ಬದಲ್ಲಿ ಅದು ಕೂರೋದಿಲ್ಲ.

ನನ್ನನ್ನ ಕೇಳಿದರೆ ಫ್ಯಾನ್ ತೆಗೆದುಹಾಕೋದಕ್ಕಿಂತ ದೊಡ್ಡದೊಂದನ್ನ ನಿಧಾನಕ್ಕೆ ತಿರುಗಿಸೋದು ವಾಸಿ. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬೆಲ್ ಕಡಿಮೆ ಆಗುತ್ತೆ. 10 ಡೆಸಿಬೆಲ್ ಇಳಿದರೇನೇ ಕಿವಿಗೆ ಸದ್ದು ಅರ್ಧ ಆದಂತೆ ಕೇಳುತ್ತೆ ಅನ್ನೋದನ್ನ ನೆನೆಸಿಕೊಂಡರೆ ಈ ಲಾಭ ಎಷ್ಟು ದೊಡ್ಡದು ಅಂತ ತಿಳಿಯುತ್ತೆ. ಗಾಳಿ ಮಾತ್ರ ಅರ್ಧದಷ್ಟು ಇನ್ನೂ ಬರ್ತಾ ಇರುತ್ತೆ. 120 ಅಥವಾ 140 ಮಿಲಿಮೀಟರಿನ ಒಳ್ಳೇ ಫ್ಯಾನ್ ನಿಮಿಷಕ್ಕೆ 600 ಸುತ್ತು ತಿರುಗಿದರೆ ಸೋಫಾದಲ್ಲಿ ಕೂತವರಿಗೆ ಕೇಳೋದಿಲ್ಲ. ಆದರೂ ಒಳಗಿನ ಬೋರ್ಡ್, ಎಸ್‌ಎಸ್‌ಡಿ, ರ‍್ಯಾಮ್ ಎಲ್ಲಕ್ಕೂ ಉಸಿರಾಡೋಕೆ ಸಾಕಷ್ಟು ಗಾಳಿ ಸಿಗುತ್ತೆ. ಕೊಳ್ಳುವಾಗ ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ಫ್ಯಾನನ್ನೇ ಕೇಳಿ, ತೀರಾ ಕೆಳಗಿನ ವೇಗಕ್ಕೂ ಅದನ್ನ ಇಳಿಸಬಹುದು.

ಪ್ರಶ್ನೆ: ನಾನು ಫ್ಯಾನ್ ವೇಗ ಇಳಿಸಿ ನೋಡಿದೆ ಸರ್, ತಾಪ 72 ಡಿಗ್ರಿ ತೋರಿಸ್ತು. ಭಯ ಆಗಿ ವಾಪಸ್ ಏರಿಸಿದೆ.

ಉತ್ತರ: 72ಕ್ಕೆ ಭಯ ಬೇಡ. ಇಂಟೆಲ್ ಕೋರ್ ಪ್ರೊಸೆಸರುಗಳು ಹೆಚ್ಚೂಕಡಿಮೆ 100 ಡಿಗ್ರಿವರೆಗೆ ತಾವೇ ನಿಭಾಯಿಸಿ, ಅದರಾಚೆ ಹೋಗೋ ಮುಂಚೆ ವೇಗ ಕುಗ್ಗಿಸಿಕೊಳ್ಳುತ್ತವೆ. ಪರದೆ ಮೇಲೆ 45 ಡಿಗ್ರಿ ಕಾಣಲಿ ಅಂತ ಫ್ಯಾನನ್ನ ಜೋರಾಗಿ ಓಡಿಸೋದರಿಂದ ಸಿನಿಮಾ ನೋಡುವವರಿಗೆ ಯಾವ ಪ್ರಯೋಜನವೂ ಇಲ್ಲ, ಸದ್ದಷ್ಟೇ ಬಾಕಿ.

ಸದ್ದಿಗಿಂತ ಕಿರಿಕಿರಿ ಮಾಡೋದು ಸದ್ದಿನ ಏರಿಳಿತ. ಮೆನು ತೆಗೆದ ಕೂಡಲೇ ವೂಂ ಅಂತ ಏರೋದು, ಎರಡು ಸೆಕೆಂಡಿಗೆ ಇಳಿಯೋದು, ಮತ್ತೆ ಏರೋದು. ಒಂದೇ ಸಮನೆ ಇರೋ ಮೆಲುಸದ್ದನ್ನ ಕಿವಿ ಐದು ನಿಮಿಷದಲ್ಲಿ ಮರೆಯುತ್ತೆ, ಏರಿಳಿಯೋದನ್ನ ಮರೆಯೋದಿಲ್ಲ. ಬಯೋಸಿನ ಫ್ಯಾನ್ ಕರ್ವಿಗೆ, ಅಂದರೆ ತಾಪಕ್ಕೆ ತಕ್ಕ ಫ್ಯಾನ್ ವೇಗದ ಗೆರೆಗೆ ಹೋಗಿ 65 ಡಿಗ್ರಿವರೆಗೆ ಗೆರೆ ಚಪ್ಪಟೆ ಇಡಿ, 65ರಿಂದ 80ರವರೆಗೆ ನಿಧಾನಕ್ಕೆ ಏರಲಿ, 85ಕ್ಕೆ ಪೂರ್ತಿ ವೇಗ. ಸ್ಟೆಪ್ ಅಪ್, ಸ್ಟೆಪ್ ಡೌನ್ ಅಂತ, ವೇಗ ಏರೋಕೆ ಇಳಿಯೋಕೆ ಹಿಡಿಯೋ ಸಮಯದ ಆಯ್ಕೆ ಇದ್ದರೆ ಅದನ್ನ ಆದಷ್ಟು ಉದ್ದ ಮಾಡಿ. ಇದಕ್ಕೆ ಒಂದು ಬಿಡಿಭಾಗವನ್ನೂ ಕೊಳ್ಳಬೇಕಿಲ್ಲ, ಹತ್ತು ನಿಮಿಷದ ಕೆಲಸ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ದೂರು ನಿಂತಿದೆ.

ಪ್ರಶ್ನೆ: ನಮ್ಮದರಲ್ಲಿ ಎಲ್ಲ ಫ್ಯಾನೂ ನಿಧಾನ ಆಗಿವೆ. ಆದರೂ ಗುಂಯ್ ಅನ್ನೋ ಸದ್ದೊಂದು ಹೋಗ್ತಾನೇ ಇಲ್ಲ. ಎಲ್ಲಿಂದ ಬರ್ತಿದೆ ಅಂತಲೇ ತಿಳೀತಿಲ್ಲ ಮೇಷ್ಟ್ರೇ.

ಉತ್ತರ: ಹಾಗಾದರೆ ಒಂದೊಂದಾಗಿ ಹಿಡೀಬೇಕು. ರಾತ್ರಿ ಸದ್ದಡಗಿದ ಮೇಲೆ ಕ್ಯಾಬಿನೆಟ್ ಪಕ್ಕದ ತಗಡು ತೆಗೆಯಿರಿ. ದಪ್ಪ ಕಾಗದವನ್ನ ಕೊಳವೆ ಥರ ಸುರುಳಿ ಸುತ್ತಿ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಸ್ವಲ್ಪ ದೂರದಿಂದಲೇ ಒಂದೊಂದು ಭಾಗದ ಕಡೆಗೆ. ಅನುಮಾನ ಬಂದ ಫ್ಯಾನಿನ ನಡುಗುಬ್ಬಿಯನ್ನ ಬೆರಳಿಂದ ಮೆತ್ತಗೆ ಒತ್ತಿ ಎರಡು ಸೆಕೆಂಡ್ ನಿಲ್ಲಿಸಿ. ರೆಕ್ಕೆಗೆ ಬೆರಳು ಹಾಕಬೇಡಿ. ಸದ್ದು ನಿಂತರೆ ಕಳ್ಳ ಸಿಕ್ಕ.

ಎಲ್ಲ ಫ್ಯಾನ್ ನಿಲ್ಲಿಸಿದರೂ ಗುಂಯ್ ಅಂತಿದ್ದರೆ ಅದು ಹಾರ್ಡ್‌ಡಿಸ್ಕ್. ನಿಮಿಷಕ್ಕೆ 7200 ಸುತ್ತು ಅಂದರೆ ಸೆಕೆಂಡಿಗೆ 120, ಆ 120 ಹರ್ಟ್ಸ್ ಅದುರು ಸ್ಕ್ರೂಗಳ ಮೂಲಕ ತಗಡಿಗೆ, ತಗಡಿಂದ ಮರದ ಯೂನಿಟ್ಟಿಗೆ ಇಳಿದು ಇಡೀ ಯೂನಿಟ್ಟೇ ಸ್ಪೀಕರ್ ಪೆಟ್ಟಿಗೆಯಂತೆ ಗುನುಗುತ್ತೆ. ಡಿಸ್ಕನ್ನ ಬಿಚ್ಚಿ ಮೆತ್ತನೆ ಸ್ಪಂಜಿನ ಮೇಲಿಟ್ಟು ನೋಡಿ, ತಕ್ಷಣ ವ್ಯತ್ಯಾಸ ಕೇಳುತ್ತೆ. ಅದು ಪರೀಕ್ಷೆಗಷ್ಟೇ, ಸ್ಪಂಜಲ್ಲೇ ಬಿಟ್ಟರೆ ಡಿಸ್ಕ್ ಬಿಸಿಯಾಗುತ್ತೆ. ಕಾಯಂ ಪರಿಹಾರ ಅಂದರೆ ಟಿವಿ ಹತ್ತಿರ ಎಸ್‌ಎಸ್‌ಡಿ ಒಂದೇ ಇರಲಿ, ಸಿನಿಮಾ ತುಂಬಿದ ಡಿಸ್ಕುಗಳೆಲ್ಲ ಬೇರೆ ಕೋಣೆಗೆ ಹೋಗಲಿ, ಅಲ್ಲಿಂದ ನೆಟ್‌ವರ್ಕ್ ಮೂಲಕ ಸಿನಿಮಾ ಬರಲಿ. ನೆಟ್‌ವರ್ಕ್ ಮಾತ್ರ ಗಿಗಾಬಿಟ್ ಕೇಬಲಿನದಾಗಿರಲಿ. 4ಕೆ ಬ್ಲೂ-ರೇ ಡಿಸ್ಕಿನ ದತ್ತಾಂಶ ಸೆಕೆಂಡಿಗೆ 128 ಮೆಗಾಬಿಟ್‌ವರೆಗೂ ಹೋಗಬಹುದು, ಹಳೇ 100 ಮೆಗಾಬಿಟ್ ಪೋರ್ಟಿಗೆ ಅದು ಹಿಡಿಸೋದಿಲ್ಲ.

ಇನ್ನೊಂದು ಅನುಭವ ಹೇಳಬೇಕು. ನಮ್ಮನೆಗೆಂದೇ ಜೋಡಿಸಿದ ಡಬ್ಬದಲ್ಲೂ ಹೀಗೇ ಒಂದು ಸದ್ದಿತ್ತು. ಎರಡು ಸಂಜೆ ಹುಡುಕಿದೆ, ಫ್ಯಾನ್ ಬದಲಿಸಿದೆ, ಹೋಗಲಿಲ್ಲ. ಕೊನೆಗೆ ಫ್ಯಾನನ್ನ ಬಿಚ್ಚಿ ಕೈಯಲ್ಲಿ ಹಿಡಿದು ಓಡಿಸಿದರೆ ಸದ್ದೇ ಇಲ್ಲ! ಮತ್ತೆ ತಗಡಿನ ಹತ್ತಿರ ತಂದರೆ ಗುಂಯ್. ತಗಡಲ್ಲಿ ಕೊರೆದಿದ್ದ ಸಣ್ಣ ಸಣ್ಣ ತೂತುಗಳಿಗೆ ಫ್ಯಾನ್ ತೀರಾ ಅಂಟಿಕೊಂಡು ಕೂತಿತ್ತು, ಗಾಳಿ ಆ ತೂತುಗಳ ಅಂಚಿಗೆ ಬಡಿದು ಹಾಡ್ತಿತ್ತು. ಆ ಜಾಲರಿಯನ್ನ ಪೂರ್ತಿ ಕತ್ತರಿಸಿ ತೆಗೆದು, ತೆಳು ತಂತಿಯ ಗಾರ್ಡ್ ಕೂರಿಸಿದೆ. ಅದೇ ಫ್ಯಾನ್, ಅದೇ ವೇಗ, ಸದ್ದು ಮಾಯ. ಕತ್ತರಿಸೋದು ಬೇಡ ಅಂದರೆ ಫ್ಯಾನಿಗೂ ಜಾಲರಿಗೂ ನಡುವೆ ಒಂದು ಸೆಂಟಿಮೀಟರ್ ಜಾಗ ಸಿಗೋ ಹಾಗೆ ಸ್ಪೇಸರ್ ಹಾಕಿ. ಕತ್ತರಿಸೋದಾದರೆ ಬೋರ್ಡ್ ಹೊರಗೆ ತೆಗೆದಿಟ್ಟೇ ಕತ್ತರಿಸಿ, ಲೋಹದ ಪುಡಿ ಒಳಗೆ ಬಿದ್ದರೆ ಶಾರ್ಟ್ ಆಗುತ್ತೆ.

ಪ್ರಶ್ನೆ: ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಪೂರೈಸೋ ಡಬ್ಬ) ಫ್ಯಾನ್ ಸದ್ದು ಮಾಡಿದರೆ ಬಿಚ್ಚಿ ಬದಲಿಸಬಹುದಾ?

ಉತ್ತರ: ಬೇಡ. ದಯವಿಟ್ಟು ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು. ಎನ್100 ಥರದ ಬೋರ್ಡಾದರೆ ಎಸ್‌ಎಂಪಿಎಸ್ಸೇ ಬೇಕಿಲ್ಲ, ಹಲವು ಬೋರ್ಡುಗಳು ಲ್ಯಾಪ್‌ಟಾಪಿಗಿರೋ ಹಾಗೆ ಹೊರಗಿನ ಅಡಾಪ್ಟರಿನಲ್ಲೇ ಓಡುತ್ತವೆ. ದೊಡ್ಡ ಪ್ರೊಸೆಸರ್ ಇದ್ದರೆ, ಲೋಡ್ ಕಡಿಮೆ ಇರುವಾಗ ಫ್ಯಾನನ್ನ ಪೂರ್ತಿ ನಿಲ್ಲಿಸೋ ಎಸ್‌ಎಂಪಿಎಸ್ ಕೇಳಿ ತಗೊಳ್ಳಿ. ಸಿನಿಮಾ ಓಡಿಸೋ ಲೋಡಿಗೆ ಅದರ ಫ್ಯಾನ್ ತಿರುಗೋ ಪ್ರಮೇಯವೇ ಬರೋದು ಕಡಿಮೆ.

ಪ್ರಶ್ನೆ: ಸದ್ದಿನ ಪ್ರಶ್ನೆ ಅಲ್ಲ, ಕ್ಷಮಿಸಿ. ಕ್ಯಾಮೆರಾ ಅಡ್ಡಕ್ಕೆ ನಿಧಾನವಾಗಿ ಸರಿಯೋ ದೃಶ್ಯಗಳಲ್ಲಿ ಚಿತ್ರ ಕುಂಟಿದ ಹಾಗೆ ಕಾಣುತ್ತೆ. ಪ್ರೊಸೆಸರ್ ಮಾತ್ರ ಖಾಲಿ ಕೂತಿರುತ್ತೆ.

ಉತ್ತರ: ಸಿನಿಮಾ ಇರೋದು ಸೆಕೆಂಡಿಗೆ 24 ಫ್ರೇಮ್, ಟಿವಿ ಓಡ್ತಿರೋದು 60ರಲ್ಲಿ. 24ರಿಂದ 60 ಸಮವಾಗಿ ಭಾಗ ಆಗೋದಿಲ್ಲವಾದ್ದರಿಂದ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ ತೋರಿಸಬೇಕಾಗುತ್ತೆ. ಕುಂಟೋದು ಅದೇ. ಸಿನಿಮಾ ಓಡಿಸೋಕೆ ಕೋಡಿ ಅನ್ನೋ ಸಾಫ್ಟ್‌ವೇರ್ ಬಳಸ್ತಿದ್ದರೆ ಪ್ಲೇಯರ್ ಸೆಟ್ಟಿಂಗಿನಲ್ಲಿ ವಿಡಿಯೊಗೆ ತಕ್ಕಂತೆ ರಿಫ್ರೆಶ್ ರೇಟ್ ಬದಲಾಯಿಸೋ ಆಯ್ಕೆ ಇದೆ, ಆನ್ ಮಾಡಿ. ಸಿನಿಮಾ ಶುರುವಾಗುವಾಗ ಟಿವಿ ಒಂದು ಕ್ಷಣ ಕಪ್ಪಾಗಿ ಬರುತ್ತೆ, ಆಮೇಲೆ ನೀರು ಹರಿದ ಹಾಗೆ ಓಡುತ್ತೆ.

ಪ್ರಶ್ನೆ: ಇದರಲ್ಲೇ ಲಿನಕ್ಸ್ ಹಾಕಿ ಒಟಿಟಿಯನ್ನೂ 4ಕೆಯಲ್ಲಿ ನೋಡಬಹುದಲ್ವಾ?

ಉತ್ತರ: ನಿಮ್ಮ ಸ್ವಂತ ಫೈಲುಗಳಿಗೆ ಲಿನಕ್ಸ್ ಸೊಗಸು. ಅದರಲ್ಲೂ ಲಿಬ್ರೆಇಎಲ್‌ಇಸಿ ಹಾಕಿದರೆ ಆನ್ ಮಾಡಿದ ಕೂಡಲೇ ನೇರ ಕೋಡಿಯೇ ಬರುತ್ತೆ. ಆದರೆ ನೆಟ್‌ಫ್ಲಿಕ್ಸಿನಂಥವು ಲಿನಕ್ಸ್ ಬ್ರೌಸರಿಗೆ 4ಕೆ ಕೊಡೋದಿಲ್ಲ, ನಕಲು ತಡೆಯೋ ವ್ಯವಸ್ಥೆ ಬಿಡೋದಿಲ್ಲ. ನೀವು ನೋಡೋದು ಒಟಿಟಿ ಮಾತ್ರ ಅನ್ನೋದಾದರೆ ಕಂಪ್ಯೂಟರ್ ಜೋಡಿಸೋ ಶ್ರಮವೇ ಬೇಡ, ಟಿವಿ ಹಿಂದೆ ಚುಚ್ಚೋ ಸಣ್ಣ ಸ್ಟಿಕ್ ಸಾಕು, ಅದಕ್ಕೆ ಫ್ಯಾನೂ ಇರೋದಿಲ್ಲ.

ಮೊದಲ ಪ್ರಶ್ನೆ ಕೇಳಿದವರು: ಸರ್, ಎನ್100 ಬೋರ್ಡೇ ತಂದು ಹಾಕಿದೆ. 120 ಮಿಲಿಮೀಟರಿನ ಒಂದೇ ಫ್ಯಾನ್, 550 ಸುತ್ತು. ಡಿಸ್ಕುಗಳನ್ನ ಒಳಕೋಣೆಗೆ ಸಾಗಿಸಿದೆ. ನಿನ್ನೆ ಸಿನಿಮಾ ಹಾಕಿದಾಗ ನಮ್ಮಮ್ಮ, ‘ಆ ಡಬ್ಬ ಇವತ್ತು ಆನ್ ಮಾಡಿಲ್ವೇನೋ’ ಅಂತ ಕೇಳಿದರು. ಆದರೆ ಎರಡು ಗಂಟೆ ಆದ ಮೇಲೆ ಮುಟ್ಟಿದರೆ ಡಬ್ಬದ ನೆತ್ತಿ ಬಿಸಿ ಇತ್ತು. ಗೂಡಿನ ಬಾಗಿಲು ಮುಚ್ಚೇ ಇತ್ತು.

ಉತ್ತರ: ಅಮ್ಮನಿಗೆ ಕೇಳಿಸಲಿಲ್ಲ ಅಂದಮೇಲೆ ಸದ್ದಿನ ಕೆಲಸ ಮುಗೀತು. ತುಂಬ ಖುಷಿಯಾಯ್ತು. ಇನ್ನು ಆ ಗೂಡು. ಬಾಗಿಲು ತೆಗೆದಿಡೋಕೆ ಮನಸ್ಸಿಲ್ಲದಿದ್ದರೆ ಹಿಂಭಾಗದ ಪ್ಲೈವುಡ್ಡಿನಲ್ಲಿ ಎರಡು ಕಡೆ ಕಿಂಡಿ ಮಾಡಿಸಿ. ಒಂದು ತಳಕ್ಕೆ ಹತ್ತಿರ, ಇನ್ನೊಂದು ನೆತ್ತಿಗೆ ಹತ್ತಿರ, ಎರಡೂ ಅಂಗೈ ಅಗಲಕ್ಕೆ ಕಡಿಮೆ ಬೇಡ. ಒಂದೇ ಕಿಂಡಿ ಮಾಡಿದರೆ ಗಾಳಿ ಹರಿಯೋದಿಲ್ಲ. ಯೂನಿಟ್ಟನ್ನ ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಸರಿಸಿ, ಇಲ್ಲದಿದ್ದರೆ ಗೋಡೆಯೇ ಕಿಂಡಿ ಮುಚ್ಚುತ್ತೆ. ಫ್ಯಾನ್ ಗಾಳಿ ಮೇಲಿನ ಕಿಂಡಿ ಕಡೆಗೇ ಬೀಸ್ತಿದೆಯಾ ಅಂತ ನೋಡಿಕೊಳ್ಳಿ. ಫ್ಯಾನಿನ ಚೌಕಟ್ಟಿನ ಪಕ್ಕದಲ್ಲಿ ಸಣ್ಣ ಬಾಣದ ಗುರುತಿರುತ್ತೆ. ಅದಿಲ್ಲದಿದ್ದರೆ, ಮೋಟರನ್ನ ಹಿಡಿದಿರೋ ಕಡ್ಡಿಗಳು ಕಾಣೋ ಕಡೆಗೆ ಗಾಳಿ ಹೊರಬರುತ್ತೆ. ಕಿಂಡಿ ಮಾಡಿಸಿದ ಮೇಲೆ ಮತ್ತೆ ಎರಡು ಗಂಟೆ ಸಿನಿಮಾ ಓಡಿಸಿ, ತಾಪ ಎಷ್ಟು ಬಂತು ಅಂತ ಇಲ್ಲೇ ಹಾಕಿ.